ಇಂದಿನ ಧಮ್ಮ ಚಿಂತನೆ: ನೆನಪು ಕಟ್ಟಿಟ್ಟ ಗಂಟಲ್ಲ





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಸಮ್ಮಾ ಸತಿಯ ಬಗ್ಗೆ ಓದುತ್ತಿದ್ದಾಗ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. "ಸರ್, ಉಸಿರು ನೋಡಿ ಅಂತೀರಿ. ಕಣ್ಣು ಮುಚ್ಚಿ ಐದು ನಿಮಿಷ ಆಗಿರಲ್ಲ, ಯಾರ್ಯಾರು ಏನೇನು ಅಂದಿದ್ರು ಅನ್ನೋದೆಲ್ಲ ಎದ್ದು ಬರುತ್ತೆ. ಬಿಟ್ಟುಬಿಡಿ ಅಂತೀರಿ. ಸುಳ್ಳಾಗಿದ್ರೆ ಬಿಡಬಹುದು. ಅದೆಲ್ಲ ನಡೆದಿದ್ದೇ ಅಲ್ವಾ? ನಿಜವಾಗಿ ನಡೆದಿದ್ದನ್ನ ಹೇಗೆ ಬಿಡೋದು?"

ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮುಂದಿನ ವಾರ ಮಾತಾಡೋಣ ಎಂದು ಜಾರಿಕೊಂಡೆ. ಮನೆಗೆ ಬಂದ ಮೇಲೂ ಅವರ ಪ್ರಶ್ನೆ ಬಿಡಲಿಲ್ಲ. ಯಾಕೆಂದರೆ ಅದೇ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ನಾನೂ 13 ವರ್ಷ ಕಳೆದಿದ್ದೇನೆ. ಇವತ್ತು ಅದನ್ನೇ ನಿಮ್ಮ ಮುಂದೆ ಇಡುತ್ತೇನೆ. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಪೂರ್ತಿ ಓದಿ.

*ತಲೆಯೊಳಗೆ ನಡೆಯುವುದೇನು?*

ನಾವೆಲ್ಲ ನೆನಪನ್ನು ಮೊಬೈಲಿನ ಗ್ಯಾಲರಿ ಎಂದುಕೊಂಡಿದ್ದೇವೆ. ನಡೆದದ್ದೆಲ್ಲ ಫೋಟೋದ ಹಾಗೆ ಒಳಗೆ ಕೂತಿರುತ್ತದೆ, ಬೇಕಾದಾಗ ತೆಗೆದು ನೋಡುತ್ತೇವೆ, ನೋಡಿ ಮುಗಿದ ಮೇಲೆ ಫೋಟೋ ಮೊದಲಿದ್ದ ಹಾಗೇ ಇರುತ್ತದೆ. ಆದರೆ ಮೆದುಳಿನಲ್ಲಿ ಅಂಥ ಗ್ಯಾಲರಿ ಇಲ್ಲ.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಸಣ್ಣ ಕೂಡುತಾಣಗಳಿವೆ. ಒಂದು ಮದುವೆಮನೆಗೆ ಹೋದಿರಿ ಎನ್ನೋಣ. ಕಣ್ಣಿಗೆ ಕಂಡದ್ದು ತಲೆಯ ಹಿಂಭಾಗದಲ್ಲಿ, ಕಿವಿಗೆ ಬಿದ್ದ ವಾಲಗದ ಸದ್ದು ಕಿವಿಯ ಪಕ್ಕದ ಭಾಗದಲ್ಲಿ, ಮಲ್ಲಿಗೆಯ ವಾಸನೆ ಮತ್ತೊಂದು ಕಡೆ, ಆಗ ಆದ ಸಂತೋಷವೋ ಸಿಟ್ಟೋ ಬಾದಾಮಿಯ ಆಕಾರದ ಅಮಿಗ್ಡಾಲ ಎಂಬ ಭಾಗದಲ್ಲಿ. ಹೀಗೆ ಒಂದೇ ಘಟನೆ ಚೂರುಚೂರಾಗಿ ಬೇರೆ ಬೇರೆ ಕಡೆ ಗುರುತು ಬಿಡುತ್ತದೆ. ಈ ಚೂರುಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸುವ ಭಾಗದ ಹೆಸರು ಹಿಪ್ಪೊಕ್ಯಾಂಪಸ್. ಕಡಲಕುದುರೆಯಂತೆ ಬಾಗಿರುವುದರಿಂದ ಅದಕ್ಕೆ ಆ ಹೆಸರು. ಎಡಕ್ಕೊಂದು, ಬಲಕ್ಕೊಂದು ಇರುತ್ತದೆ.

ಇದರ ಮಹತ್ವ ಜಗತ್ತಿಗೆ ಗೊತ್ತಾಗಿದ್ದು ಒಬ್ಬ ಮನುಷ್ಯನ ಕಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಅಪಸ್ಮಾರದ ಕಾಯಿಲೆ ಇತ್ತು. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ಶಸ್ತ್ರವೈದ್ಯ ವಿಲಿಯಂ ಸ್ಕೋವಿಲ್ ಅವನ ಮೆದುಳಿನ ಎರಡೂ ಕಡೆ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದುಹಾಕಿದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸ ಘಟನೆ ಯಾವುದೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯದ ಸಂಗತಿ ಹೇಳುತ್ತಿದ್ದ, ಈಗಷ್ಟೇ ಮಾತಾಡಿಸಿ ಹೋದವರು ತಿರುಗಿ ಬಂದರೆ ಹೊಸಬರಂತೆ ನೋಡುತ್ತಿದ್ದ. 2008ರಲ್ಲಿ 82ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇದ್ದ. ಆ ಮನುಷ್ಯನ ಬಗ್ಗೆ ಇನ್ನೊಂದು ಮಾತಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಹಾಗಾದರೆ ನೆನಪು ಉಳಿಯುವುದು ಹೇಗೆ? ಎರಿಕ್ ಕ್ಯಾಂಡೆಲ್ ಎಂಬ ವಿಜ್ಞಾನಿ ಕಡಲ ಬಸವನಹುಳುವಿನ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿ ಇದನ್ನು ತೋರಿಸಿಕೊಟ್ಟರು. ಆ ಕೆಲಸಕ್ಕೆ 2000ದಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಸ್ವಲ್ಪ ಹೊತ್ತಿನ ನೆನಪಿಗೆ ಇರುವ ಕೂಡುತಾಣಗಳೇ ತುಸು ಗಟ್ಟಿಯಾದರೆ ಸಾಕು. ಬಹಳ ದಿನ ಉಳಿಯುವ ನೆನಪಿಗೆ ಕೋಶಗಳು ಹೊಸ ಪ್ರೋಟೀನ್ ತಯಾರಿಸಬೇಕು, ಹೊಸ ಕೂಡುತಾಣಗಳು ಬೆಳೆಯಬೇಕು. ಅಂದರೆ ನೆನಪು ಒಂದು ಬೆಳೆ. ಬೆಳೆದದ್ದು ಬದಲಾಗುತ್ತದೆ. ಅನಿಚ್ಚ ಎಂದು ನಾವು ದಿನಾ ಪಠಿಸುವ ಮಾತು ನೆನಪಿಗೂ ಅನ್ವಯಿಸುತ್ತದೆ ಎಂದು ನಾವು ಯೋಚಿಸುವುದೇ ಇಲ್ಲ.

*ನೆನೆದ ಕಾಳು*

ನಮ್ಮ ಕನ್ನಡದಲ್ಲಿ ಒಂದು ಸೊಗಸಿದೆ. ಅವ್ವನನ್ನು ನೆನೆಯುತ್ತೇವೆ. ಮಳೆಯಲ್ಲೂ ನೆನೆಯುತ್ತೇವೆ. ರಾತ್ರಿ ಕಾಳು ನೆನೆಹಾಕುತ್ತೇವೆ. ಎರಡು ಮಾತಿನ ಮೂಲ ಬೇರೆ ಬೇರೆ ಇರಬಹುದು, ಅದನ್ನು ಪಂಡಿತರಿಗೆ ಬಿಡೋಣ. ನಮಗೆ ಬೇಕಾದ್ದು ಇಷ್ಟು: ಡಬ್ಬದಲ್ಲಿರುವ ಒಣಕಾಳು ಗಟ್ಟಿ. ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ, ಉಬ್ಬುತ್ತದೆ. ಆಗ ಅದರ ಜೊತೆ ಏನು ಹಾಕಿದರೂ ಅದನ್ನು ಹೀರಿಕೊಳ್ಳುತ್ತದೆ. ಉಪ್ಪು ಹಾಕಿದರೆ ಉಪ್ಪಾಗುತ್ತದೆ.

ನೆನಪೂ ಹಾಗೆಯೇ. ಅದೇ 2000ನೇ ಇಸವಿಯಲ್ಲಿ ನ್ಯೂಯಾರ್ಕಿನಲ್ಲಿ ಕರೀಮ್ ನಾದರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಸದ್ದು ಕೇಳಿಸಿ ಕಾಲಿಗೆ ಸಣ್ಣ ಶಾಕ್ ಕೊಟ್ಟರು. ಆಮೇಲೆ ಸದ್ದು ಕೇಳಿದರೆ ಸಾಕು, ಇಲಿ ಹೆದರಿ ಮರಗಟ್ಟುತ್ತಿತ್ತು. ಆ ಭಯದ ನೆನಪು ಗಟ್ಟಿಯಾಗಿ ಕೂತಿತ್ತು. ಮರುದಿನ ಸದ್ದನ್ನು ಮತ್ತೊಮ್ಮೆ ಕೇಳಿಸಿ, ಇಲಿಗೆ ಅದು ನೆನಪಾದ ಕೂಡಲೇ, ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧಿಯನ್ನು ಅಮಿಗ್ಡಾಲಕ್ಕೆ ಕೊಟ್ಟರು. ಅದರ ಮರುದಿನ ನೋಡಿದರೆ ಆ ಇಲಿಗಳ ಹೆದರಿಕೆ ಬಹಳ ಕಡಿಮೆಯಾಗಿತ್ತು. ಸದ್ದು ಕೇಳಿಸದೆ ಬರೀ ಔಷಧಿ ಕೊಟ್ಟ ಇಲಿಗಳಲ್ಲಿ ಮಾತ್ರ ಭಯ ಹಾಗೇ ಉಳಿದಿತ್ತು.

ಇದರ ಅರ್ಥವೇನು? ಸುಮ್ಮನೆ ಬಿದ್ದಿರುವ ನೆನಪು ಒಣಕಾಳು. ನೆನೆದಾಗ ಅದು ಮೆತ್ತಗಾಗುತ್ತದೆ, ಆಮೇಲೆ ಮತ್ತೆ ಹೊಸದಾಗಿ ಗಟ್ಟಿಯಾಗಬೇಕು. ಆ ನಡುವಿನ ಹೊತ್ತಿನಲ್ಲಿ ಅದು ಬದಲಾಗಬಲ್ಲದು. ಮನುಷ್ಯರ ವಿಷಯ ಇಲಿಗಳಷ್ಟು ಸರಳವಲ್ಲ. ಆದರೂ ನೆನಪು ಪ್ರತಿ ಸಲವೂ ಒಂದಷ್ಟು ಹೊಸದಾಗಿ ಕಟ್ಟಲ್ಪಡುತ್ತದೆ ಎಂಬುದು ನಮ್ಮ ವಿಷಯದಲ್ಲೂ ನಿಜ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಸಿಡಿದು ಏಳು ಜನ ತೀರಿಕೊಂಡರು. ಮರುದಿನ ಬೆಳಿಗ್ಗೆಯೇ ಅಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ಅಟ್ಲಾಂಟದ ವಿಶ್ವವಿದ್ಯಾಲಯವೊಂದರ 106 ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ? ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರಿಗೆ ಅದೇ ಪ್ರಶ್ನೆಗಳನ್ನು ಕೇಳಿದರು. ಮೊದಲು ಬರೆದದ್ದಕ್ಕೆ ಪೂರ್ತಿ ಹೊಂದುವಂತೆ ಹೇಳಿದವರು ಮೂರೇ ಜನ. ಹನ್ನೊಂದು ಜನ ಮುಖ್ಯ ಸಂಗತಿ ಒಂದನ್ನೂ ಸರಿಯಾಗಿ ಹೇಳಲಿಲ್ಲ. ಆದರೆ ತಪ್ಪು ಹೇಳಿದವರಲ್ಲೂ ಎಷ್ಟೋ ಜನ ಖಂಡಿತ ಹೀಗೇ ಆಯಿತು ಎಂಬ ಭರವಸೆಯಲ್ಲಿದ್ದರು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ.

ಬಂಧುಗಳೇ, ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ನನ್ನದೇ ಕೈಬರಹ ನನಗೆ ಸಿಕ್ಕ ದಿನ ನೆನಪಾಯಿತು.

*ಡೈರಿಯ ಎರಡು ಸಾಲು*

ನಮ್ಮ ಅಪ್ಪ ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಅವರ ಜೊತೆಗಿದ್ದವನು ಅಣ್ಣ. ನಾನು ದುಡ್ಡು ಕಳಿಸಿದೆ, ಎರಡು ಸಲ ಬಂದು ಹೋದೆ, ಕೊನೆಯುಸಿರಿಗೆ ಇರಲಿಲ್ಲ. ತಿಥಿಯ ದಿನ ಊರಿನವರು, ನೆಂಟರು ಎಲ್ಲ ಕೂತಿದ್ದಾಗ ಅಣ್ಣ ನನ್ನ ಮುಖ ನೋಡಿ, "ದುಡ್ಡು ಕಳಿಸಿದ್ರೆ ಮಗ ಆಗಲ್ಲ" ಎಂದ. ನಾನು ಊಟಕ್ಕೆ ಕೂರದೆ ಬಸ್ಸು ಹತ್ತಿದೆ.

ಇದು ನನ್ನ ನೆನಪು. ಅಣ್ಣ ನಿಂತಿದ್ದ ಕಂಬ, ಅವನ ಹೆಗಲ ಮೇಲಿದ್ದ ಟವಲ್, ದನಿಯ ಏರಿಳಿತ, ಎಲ್ಲ ಕಣ್ಣಿಗೆ ಕಟ್ಟಿದಂತೆ ಇತ್ತು. 13 ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದೆ. ಪಂಚಶೀಲ ತೆಗೆದುಕೊಂಡೆ, ವಿಪಸ್ಸನಕ್ಕೆ ಹೋಗಿ ಬಂದೆ, ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಮೆತ್ತಾ ಭಾವನೆ ಮಾಡಿದೆ. ಆ "ಎಲ್ಲ ಜೀವಿಗಳ" ಪಟ್ಟಿಯಲ್ಲಿ ಅಣ್ಣ ಇರಲಿಲ್ಲ.

ಮನೆ ಬದಲಿಸುವಾಗ ಒಂದು ಹಳೆಯ ಡೈರಿ ಸಿಕ್ಕಿತು. ತಿಥಿಯ ಖರ್ಚನ್ನೆಲ್ಲ ಅದರಲ್ಲಿ ಬರೆದಿದ್ದೆ. ಅಕ್ಕಿ, ಶಾಮಿಯಾನ, ಅಡುಗೆಯವರು. ಅದರ ಕೆಳಗೆ, ಅದೇ ರಾತ್ರಿ ಬರೆದ ಎರಡು ಸಾಲು. ಚಿಕ್ಕಪ್ಪ ಎಲ್ಲರ ಮುಂದೆ ಆ ಮಾತು ಅಂದರು. ಅಣ್ಣ ತಲೆ ತಗ್ಗಿಸಿ ಕೂತಿದ್ದ, ಒಂದು ಮಾತೂ ಆಡಲಿಲ್ಲ.

ನನ್ನದೇ ಅಕ್ಷರ. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಆಶ್ಚರ್ಯ ಎಂದರೆ, ಓದಿದ ಮೇಲೂ ನನ್ನ ನೆನಪಿನಲ್ಲಿ ಚಿಕ್ಕಪ್ಪನ ಮುಖ ಬರುತ್ತಿಲ್ಲ. ಇವತ್ತಿಗೂ ಕಣ್ಣು ಮುಚ್ಚಿದರೆ ಅಣ್ಣನೇ ನಿಂತು ಆ ಮಾತು ಆಡುತ್ತಾನೆ. ಏನಾಗಿರಬಹುದು ಎಂದು ಈಗ ಊಹಿಸಬಲ್ಲೆ. ಅವತ್ತು ನನಗೆ ಹೆಚ್ಚು ನೋವಾದದ್ದು ಅಣ್ಣ ನನ್ನ ಪರವಾಗಿ ಮಾತಾಡಲಿಲ್ಲವಲ್ಲ ಎಂದು. ಬಸ್ಸಿನಲ್ಲಿ, ರೂಮಿನಲ್ಲಿ, ನಿದ್ದೆ ಬಾರದ ರಾತ್ರಿಗಳಲ್ಲಿ ಆ ದೃಶ್ಯವನ್ನು ನೂರಾರು ಸಲ ನೆನೆಹಾಕಿದೆ. ಪ್ರತಿ ಸಲವೂ ಅಣ್ಣನ ಮೇಲಿನ ಸಿಟ್ಟು ಅದರೊಳಗೆ ಇಳಿಯಿತು. ಒಂದು ದಿನ ಮಾತೂ ಅವನದೇ ಆಯಿತು.

ಆ ಹೊತ್ತಿಗೆ ಚಿಕ್ಕಪ್ಪ ತೀರಿಹೋಗಿದ್ದರು. ಡೈರಿ ಹಿಡಿದುಕೊಂಡು ಊರಿಗೆ ಹೋದೆ. ಅತ್ತಿಗೆ ಪಡಸಾಲೆಯಲ್ಲಿ ಕೂತು ನೆನೆಹಾಕಿದ ಅವರೆಕಾಳು ಹಿಸುಕುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಅಣ್ಣ ಅಂದ, "ಅವತ್ತು ನಾನು ಹಂಗನ್ನಬಾರದಿತ್ತು ಕಣೋ. ಸಿಟ್ನಲ್ಲಿ ಅಂದ್‌ಬಿಟ್ಟೆ. ಆವತ್ತಿಂದ ಅದೇ ಕೊರೀತಾ ಐತೆ."

ನನಗೆ ಮಾತೇ ಹೊರಡಲಿಲ್ಲ. ಡೈರಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದ. ಇನ್ನೊಮ್ಮೆ ಓದಿದ. "ಹಂಗಾದ್ರೆ ನಾನು ಅಂದಿಲ್ವಾ?" ಎಂದ. ಸಮಾಧಾನವಾದ ದನಿ ಅಲ್ಲ ಅದು, ದಿಕ್ಕು ತಪ್ಪಿದವನ ದನಿ.

ನಾನು ಮನೆಗೆ ಬಾರದಿರುವುದಕ್ಕೆ ಕಾರಣ ಅವನ ಮಾತೇ ಎಂದು ನೆಂಟರ ಬಾಯಲ್ಲಿ ಅವನ ಕಿವಿಗೂ ಬಿದ್ದಿತ್ತು. ಮೊದಮೊದಲು ಹಾಗೆ ಅಂದೆನೇ ಎಂದು ಅನುಮಾನಪಟ್ಟಿದ್ದನಂತೆ. ಆಮೇಲಾಮೇಲೆ ಅವನಿಗೂ ತಾನು ಎದ್ದು ನಿಂತು ಅಂದದ್ದು ಕಾಣತೊಡಗಿತು. ಆಡದ ಮಾತಿಗೆ ಅವನು, ಅವನಿಂದ ಕೇಳದ ಮಾತಿಗೆ ನಾನು, ಇಬ್ಬರೂ ಬೆಂದಿದ್ದೆವು.

ಹಾಗಂತ ಡೈರಿಯೇ ಪರಮಸತ್ಯ ಎಂದೂ ಹೇಳಲಾರೆ. ಅದನ್ನು ಬರೆದವನು ಕೂಡ ಅಪ್ಪನನ್ನು ಕಳೆದುಕೊಂಡು, ಊಟ ಮಾಡದೆ, ರಾತ್ರಿ ಬಸ್ಸಿನಲ್ಲಿ ಬಂದವನು. ಅತ್ತಿಗೆ ಕಾಳಿನಿಂದ ತಲೆ ಎತ್ತದೆ ಹೇಳಿದರು: "ಯಾರು ಅಂದ್ರೋ ಏನೋ. ಹದಿಮೂರು ವರ್ಷ ಹೋಯ್ತಲ್ಲ."

ಅವತ್ತು ಆ ಮನೆಯಲ್ಲಿ ಊಟ ಮಾಡಿದೆ. ಹೋದ ವರ್ಷಗಳು ಬರಲಿಲ್ಲ.

ಅಣ್ಣನಿಗೆ ಆದದ್ದು ಅಪರೂಪದ ವಿಷಯವೇನಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಒಂದು ಕಾರು ಅಪಘಾತದ ಫಿಲ್ಮನ್ನು 150 ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರಿಗೆ "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಎಂದೂ, ಕೆಲವರಿಗೆ "ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಎಂದೂ ಕೇಳಿದರು. ಉಳಿದವರಿಗೆ ವೇಗದ ಪ್ರಶ್ನೆಯನ್ನೇ ಕೇಳಲಿಲ್ಲ. ಒಂದು ವಾರ ಬಿಟ್ಟು, ಒಡೆದ ಗಾಜು ಕಂಡಿರಾ ಎಂದು ವಿಚಾರಿಸಿದರು. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ. "ತಾಗಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 7 ಜನ ಕಂಡೆವು ಎಂದರು. "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡ 50 ಜನರಲ್ಲಿ 16 ಜನ ಕಂಡೆವು ಎಂದರು. ಒಂದೇ ಒಂದು ಪದ ಇಲ್ಲದ ಗಾಜನ್ನು ಕಾಣಿಸಿತು. ಹಾಗಿದ್ದ ಮೇಲೆ ನೆಂಟರು ಹದಿಮೂರು ವರ್ಷ ಹೇಳಿದ ಮಾತು ಏನು ತಾನೇ ಮಾಡಲಾರದು?

*ಭಗವಾನರು ತೋರಿಸಿದ ದಾರಿ*

ಸತಿ ಎಂಬ ಪಾಳಿ ಪದದ ಮೊದಲ ಅರ್ಥ ನೆನಪು ಎಂದೇ. ಸಂಸ್ಕೃತದ ಸ್ಮೃತಿ ಅದೇ ಮಾತು. ಬಹಳ ಹಿಂದೆ ಮಾಡಿದ್ದನ್ನು, ಆಡಿದ್ದನ್ನು ನೆನಪಿಗೆ ತಂದುಕೊಳ್ಳುವ ಶಕ್ತಿಯನ್ನೂ ಭಗವಾನರು ಸತಿಯ ಲಕ್ಷಣವಾಗಿ ಹೇಳಿದ್ದಾರೆ. ಈ ಕ್ಷಣ ಏನಾಗುತ್ತಿದೆ ಎಂಬ ಎಚ್ಚರವೂ ಸತಿಯೇ. ಎರಡು ಅರ್ಥ ಒಂದೇ ಪದದಲ್ಲಿ ಯಾಕಿದೆ ಎಂದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಈಗ ನನಗೆ ತೋಚುವುದು ಇದು: ನೆನೆಯುವುದು ನಡೆಯುವುದು ಈಗ. ಹದಿಮೂರು ವರ್ಷದ ಹಿಂದಿನ ಮಾತನ್ನು ನಾನು ಇವತ್ತು ಬೆಳಿಗ್ಗೆ ನೆನೆದರೆ, ಆ ನೆನೆಯುವಿಕೆ ಇವತ್ತು ಬೆಳಿಗ್ಗೆ ನಾನು ಮಾಡಿದ ಕೆಲಸ. ಅದೊಂದು ಕಮ್ಮ. ಅದರ ಫಲಕ್ಕೆ ನಾನೇ ಹೊಣೆ.

ಬುದ್ಧರ ಮಹಾಪರಿನಿಬ್ಬಾಣದ ನಂತರ ರಾಜಗಹದಲ್ಲಿ ಮೊದಲ ಸಂಗೀತಿ ನಡೆಯಿತು. ಮಹಾಕಸ್ಸಪ ಥೇರರು ಕೇಳಿದರು, ಉಪಾಲಿ ಥೇರರು ವಿನಯ ಹೇಳಿದರು, ಆನಂದರು ಧಮ್ಮ ಹೇಳಿದರು. ಇಪ್ಪತ್ತೈದು ವರ್ಷ ಬುದ್ಧರ ನೆರಳಿನಂತಿದ್ದವರು ಆನಂದರು, ನೆನಪಿನ ಶಕ್ತಿಯಲ್ಲಿ ಅಗ್ರರು. ಅಂಥವರು ಕೂಡ ಸುತ್ತಗಳನ್ನು ಆರಂಭಿಸಿದ್ದು, ನಾನು ಹೀಗೆ ಕೇಳಿದ್ದೇನೆ ಎಂಬ ವಿನಯದಿಂದ. ಇದು ಹೀಗೇ ನಡೆಯಿತು ಎಂಬ ಅಧಿಕಾರದಿಂದಲ್ಲ. ಹೇಳಿದ್ದನ್ನು ಸಂಘ ಒಟ್ಟಿಗೆ ಕೂತು ಕೇಳಿತು, ಒಟ್ಟಿಗೆ ಪಠಿಸಿತು. ಸಂಗೀತಿ ಎಂದರೇ ಕೂಡಿ ಹೇಳುವುದು. ಒಬ್ಬರು ತಪ್ಪಿದರೆ ಇನ್ನೊಬ್ಬರ ಬಾಯಿ ತಿದ್ದುತ್ತದೆ.

ಅದಾದ ಮೇಲೆ ಪುರಾಣ ಎಂಬ ಹಿರಿಯ ಭಿಕ್ಖು ದಕ್ಖಿಣಾಗಿರಿಯಿಂದ ಅಲ್ಲಿಗೆ ಬಂದರು. ಥೇರರು ಧಮ್ಮ ವಿನಯಗಳನ್ನು ಸಂಗಾಯನ ಮಾಡಿದ್ದಾರೆ, ಒಪ್ಪಿಕೊಳ್ಳಿ ಎಂದು ಅವರಿಗೆ ಹೇಳಲಾಯಿತು. ಥೇರರು ಚೆನ್ನಾಗಿ ಪಠಿಸಿದ್ದಾರೆ, ಆದರೆ ನಾನು ಭಗವಾನರ ಬಾಯಿಂದಲೇ ಕೇಳಿದಂತೆ ಧಾರಣೆ ಮಾಡುತ್ತೇನೆ ಎಂದರು ಪುರಾಣರು. ಜಗಳವಾಗಲಿಲ್ಲ. ಅವರನ್ನು ಹೊರಗೆ ಹಾಕಲಿಲ್ಲ. ವಿನಯ ಪಿಟಕ ಇದನ್ನು ಮುಚ್ಚಿಡದೆ ದಾಖಲಿಸಿದೆ. ಧಮ್ಮದಂಥ ದೊಡ್ಡ ವಿಷಯದಲ್ಲೇ ಎರಡು ನೆನಪುಗಳು ಪಕ್ಕಪಕ್ಕ ಬದುಕಬಹುದಾದರೆ, ನಮ್ಮ ಮನೆಯ ತಿಥಿಯ ವಿಷಯದಲ್ಲಿ ಆಗುವುದಿಲ್ಲವೇ?

ಮಹಾಪರಿನಿಬ್ಬಾಣ ಸುತ್ತದಲ್ಲಿ ನಾಲ್ಕು ಮಹಾಪದೇಸಗಳು ಬರುತ್ತವೆ. ಯಾರಾದರೂ ಬಂದು, ಇದನ್ನು ಬುದ್ಧರಿಂದಲೇ ಕೇಳಿದೆ ಎಂದರೆ ಏನು ಮಾಡಬೇಕು? ಕೂಡಲೇ ಒಪ್ಪಬೇಡಿ, ಕೂಡಲೇ ತಳ್ಳಲೂ ಬೇಡಿ, ಸುತ್ತ ವಿನಯಗಳ ಜೊತೆ ಹೋಲಿಸಿ ನೋಡಿ ಎನ್ನುತ್ತಾರೆ ಭಗವಾನರು. ತಮ್ಮ ಮಾತಿನ ನೆನಪಿಗೇ ಅವರು ಈ ಪರೀಕ್ಷೆ ಇಟ್ಟರು. ನಾವು ನಮ್ಮ ನೆನಪಿಗೆ ಯಾವ ಪರೀಕ್ಷೆಯನ್ನೂ ಇಡುವುದಿಲ್ಲ!

ಧಮ್ಮಪದದ ಮೊದಲ ವಗ್ಗದಲ್ಲೇ, ತನಗಾದ ಅವಮಾನವನ್ನು ಮನಸ್ಸಿನಲ್ಲಿ ಕಟ್ಟಿಕೊಂಡವನ ವೈರ ಆರುವುದಿಲ್ಲ ಎಂಬ ಬೋಧೆ ಇದೆ. ಅವಮಾನ ಸುಳ್ಳು ಎಂದು ಅಲ್ಲಿ ಹೇಳಿಲ್ಲ. ಕಟ್ಟಿಕೊಳ್ಳುವ ಕೆಲಸದ ಮೇಲೆ ಭಗವಾನರ ಬೆರಳು ಇದೆ.

*ಒಂದು ಎಚ್ಚರಿಕೆ*

ಇಲ್ಲಿ ಯಾರಾದರೂ ಕೇಳಬಹುದು, ಕೇಳಲೇಬೇಕು: "ಹಾಗಾದರೆ ನಮಗಾದ ಅನ್ಯಾಯವೆಲ್ಲ ಭ್ರಮೆಯೇ? ಕೆರೆ ಮುಟ್ಟಬೇಡ, ಗುಡಿಯೊಳಗೆ ಬರಬೇಡ ಅಂದದ್ದು, ಹೊಡೆದದ್ದು, ಎಲ್ಲ ನಮ್ಮ ಮೆದುಳು ಕಟ್ಟಿದ ಕಥೆಯೇ?"

ಖಂಡಿತ ಅಲ್ಲ. ನೆನಪಿನ ವಿವರಗಳು ಬದಲಾಗುತ್ತವೆ ಎಂದ ಮಾತ್ರಕ್ಕೆ ನಡೆದ ಘಟನೆ ನಡೆಯದೇ ಹೋಗುವುದಿಲ್ಲ. ನನ್ನ ವಿಷಯದಲ್ಲೂ ನೋಡಿ, ಎಲ್ಲರ ಮುಂದೆ ನನಗೆ ನೋವಾದದ್ದು ನಿಜವೇ ಆಗಿತ್ತು. ಯಾರಿಂದ ಎಂಬುದರಲ್ಲಿ ತಪ್ಪಿದೆ. ದೌರ್ಜನ್ಯಕ್ಕೆ ಒಳಗಾದವರ ಬಾಯಿ ಮುಚ್ಚಿಸಲು ಈ ವಿಜ್ಞಾನವನ್ನು ಬಳಸುವುದು ಮಿಚ್ಛಾ ವಾಚಾ.

ಬಾಬಾಸಾಹೇಬರನ್ನು ನೋಡಿ. 1901ರಲ್ಲಿ ಬಾಲಕ ಭೀಮರಾವ್ ತಂದೆಯನ್ನು ನೋಡಲು ಸಾತಾರದಿಂದ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದಾಗ, ಜಾತಿ ತಿಳಿದ ಮೇಲೆ ಗಾಡಿ ಸಿಗುವುದೇ ಕಷ್ಟವಾಯಿತು. ಆ ರಾತ್ರಿ ಕುಡಿಯಲು ನೀರು ಸಿಗದೆ, ಬುತ್ತಿ ಇದ್ದರೂ ಉಣ್ಣಲಾಗದೆ ಮಲಗಬೇಕಾಯಿತು. ಎಷ್ಟೋ ವರ್ಷಗಳ ನಂತರ ಅವರು ಅದನ್ನು "ವೇಟಿಂಗ್ ಫಾರ್ ಎ ವೀಸಾ"ದಲ್ಲಿ ಬರೆದಿಟ್ಟರು. ಆ ನೆನಪನ್ನು ಅವರು ಮರೆಯಲಿಲ್ಲ, ಅದರಲ್ಲೇ ಕೊಳೆಯಲೂ ಇಲ್ಲ. ಬರೆದರು, ಎಲ್ಲರ ಮುಂದೆ ಇಟ್ಟರು, ಕಾನೂನು ಮಾಡಿದರು. ನ್ಯಾಯಕ್ಕಾಗಿ ನೆನಪಿಡುವುದು ಧಮ್ಮ. ಅದಕ್ಕೇ ಹೇಳುತ್ತೇನೆ, ಅನ್ಯಾಯವಾದರೆ ಅಂದೇ ಬರೆದಿಡಿ, ತಾರೀಖು ಹಾಕಿ, ಸಾಕ್ಷಿ ಇಟ್ಟುಕೊಳ್ಳಿ, ದೂರು ಕೊಡಿ. ಹಾಗೆ ಮಾಡಿದ ಮೇಲೆ ರಾತ್ರಿಯೆಲ್ಲ ಅದನ್ನು ತಲೆಯಲ್ಲಿ ಹೊತ್ತು ಕಾಯುವ ಕೆಲಸ ಕಡಿಮೆಯಾಗುತ್ತದೆ.

*ಇಂದಿನ ಅಭ್ಯಾಸ*

ಹೆನ್ರಿ ಮೊಲೈಸನ್ ಬಗ್ಗೆ ಒಂದು ಮಾತು ಬಾಕಿ ಇತ್ತು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಒಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಒಂದು ನಕ್ಷತ್ರದ ಗೆರೆಯನ್ನು ತಿದ್ದಬೇಕು. ನೀವೂ ಪ್ರಯತ್ನಿಸಿ, ಮೊದಲಿಗೆ ಕೈ ಎಲ್ಲೆಲ್ಲೋ ಹೋಗುತ್ತದೆ. ಮೂರು ದಿನದ ಅಭ್ಯಾಸದಲ್ಲಿ ಅವನು ಚೆನ್ನಾಗಿ ಕಲಿತ. ಆದರೆ ಹಿಂದೆ ಈ ಕೆಲಸ ಮಾಡಿದ್ದೇನೆ ಎಂಬುದೇ ಅವನಿಗೆ ನೆನಪಿರಲಿಲ್ಲ! ಘಟನೆಗಳ ನೆನಪು ಒಂದು ದಾರಿ, ಅಭ್ಯಾಸದ ನೆನಪು ಬೇರೆ ದಾರಿ. ಮೊದಲನೆಯದು ಕೈಕೊಟ್ಟರೂ ಎರಡನೆಯದು ಉಳಿಯಬಲ್ಲದು.

ನಮ್ಮ ಶೀಲ, ಮೆತ್ತಾ ಕೂಡ ಹಾಗೆ ಅಭ್ಯಾಸವಾಗಿ ಒಳಗಿಳಿಯಬೇಕು. ಓದಿದ ಸುತ್ತ ನಾಳೆ ಮರೆತೀತು. ದಿನಾ ತಿದ್ದಿದ ಗೆರೆ ಕೈಯಲ್ಲಿ ಉಳಿಯುತ್ತದೆ. ಅದಕ್ಕಾಗಿ ಈ ವಾರ ಹೀಗೆ ಮಾಡೋಣ:

1. ಮನಸ್ಸಿನಲ್ಲಿ ಮತ್ತೆ ಮತ್ತೆ ಏಳುವ ಒಂದು ಸಣ್ಣ ಮುನಿಸನ್ನು ಆರಿಸಿಕೊಳ್ಳಿ. ತೀರಾ ದೊಡ್ಡ ಗಾಯ ಬೇಡ. ಅಂಥದ್ದಿದ್ದರೆ ಒಬ್ಬರೇ ಅಗೆಯಬೇಡಿ, ನಂಬಿಕಸ್ತರ ಅಥವಾ ವೈದ್ಯರ ನೆರವು ಪಡೆಯಿರಿ.

2. ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಎಷ್ಟು? ಕಿವಿಯಾರೆ ಕೇಳಿದ್ದು ಎಷ್ಟು? ಆಮೇಲೆ ಬೇರೆಯವರು ಹೇಳಿದ್ದು ಎಷ್ಟು? ನಾನೇ ಸೇರಿಸಿಕೊಂಡದ್ದು ಎಷ್ಟು?

3. ಒಪ್ಪಲೂ ಬೇಡಿ, ತಳ್ಳಲೂ ಬೇಡಿ. ಆ ದಿನ ಅಲ್ಲಿದ್ದ ಇನ್ನೊಬ್ಬರನ್ನು ಕೇಳಿ. ವಾದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆ. "ನನ್ನ ನೆನಪು ಹೀಗಿದೆ, ನಿಮ್ಮ ನೆನಪು ಹೇಗಿದೆ?" ಎಂದಷ್ಟೇ ಕೇಳಿ.

4. ಧ್ಯಾನದಲ್ಲಿ ಆ ನೆನಪು ಎದ್ದಾಗ, "ನೆನೆಯುತ್ತಿದ್ದೇನೆ" ಎಂದು ಗುರುತಿಸಿ ಉಸಿರಿಗೆ ಮರಳಿ. ಎದ್ದದ್ದು ತಪ್ಪಲ್ಲ. ಅದಕ್ಕೆ ಇವತ್ತಿನ ಸಿಟ್ಟಿನ ಉಪ್ಪು ಹಾಕದಿದ್ದರೆ ಸಾಕು. ಕೊನೆಗೆ ಮೆತ್ತಾ ಭಾವನೆಯಲ್ಲಿ ಆ ವ್ಯಕ್ತಿಯ ಹೆಸರನ್ನು ಸೇರಿಸಿ.

ಅಕ್ಕ, ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದು. ನಡೆದದ್ದನ್ನು ಬಿಡಿ ಎಂದು ಧಮ್ಮ ಹೇಳುತ್ತಿಲ್ಲ. ಅದು ಆಗಲೇ ಹೋಗಿದೆ. ನಿಮ್ಮ ಕೈಯಲ್ಲಿರುವುದು ಇವತ್ತು ನೀವು ಹೊಸದಾಗಿ ಕಟ್ಟಿಕೊಳ್ಳುತ್ತಿರುವ ಗಂಟು. ಅದು ಅಂದಿನದೇ ಎಂದು ಯಾರೂ ಆಣೆ ಮಾಡಿ ಹೇಳಲಾರರು, ನಾನಂತೂ ಹೇಳಲಾರೆ. ಕಟ್ಟುವ ಕೈ ನಮ್ಮದೇ ಆದ್ದರಿಂದ ಅದನ್ನು ಸ್ವಲ್ಪ ಸಡಿಲ ಬಿಡುವುದೂ ನಮ್ಮ ಕೈಯಲ್ಲೇ ಇದೆ.

ನಮ್ಮ ಅಣ್ಣನಿಗೆ ಈಗ ಎಪ್ಪತ್ತು ದಾಟಿದೆ. ವಾರಕ್ಕೊಮ್ಮೆ ಫೋನ್ ಮಾಡುತ್ತೇನೆ. ಆ ತಿಥಿಯ ದಿನದ ಬಗ್ಗೆ ನಾವಿಬ್ಬರೂ ಮತ್ತೆ ಮಾತಾಡಿಲ್ಲ. "ಊಟ ಆಯ್ತೇನೋ?" ಎಂದು ಅವನು ಕೇಳುತ್ತಾನೆ. ಆಯ್ತು ಅಣ್ಣ ಎನ್ನುತ್ತೇನೆ. ನಿಮಗೂ ಹಾಗೆ ಫೋನ್ ಮಾಡಬೇಕಾದ ಒಬ್ಬರು ಇದ್ದರೆ, ಇದನ್ನು ಫಾರ್ವರ್ಡ್ ಮಾಡುವ ಮುಂಚೆ ಆ ಫೋನ್ ಮಾಡಿ.

ಈ ಭಾನುವಾರ ಬೆಳಿಗ್ಗೆ 10ಕ್ಕೆ ಎಂದಿನಂತೆ ಸೇರೋಣ. ಬರೆದ ಹಾಳೆಯನ್ನು ತರಬೇಕೆಂದಿಲ್ಲ, ಅದು ನಿಮ್ಮದು.

ಎಲ್ಲರಿಗೂ ಮಂಗಳವಾಗಲಿ.

ಸಾಧು, ಸಾಧು, ಸಾಧು 🙏
ನಮೋ ಬುದ್ಧಾಯ. ಜೈ ಭೀಮ್.